ಲೈವ್ ಬ್ಲ್ಯಾಕ್‌ಜಾಕ್: ಡೀಲರ್‌ನ ತೆರೆದ ಎಲೆ ನೋಡಿ ಆಡಲು ಕಲಿಯುವುದು ಹೇಗೆ

ಗೋವಾದಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಿಂದ ನೆಂಟರು ಬಂದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಪಣಜಿಯ ಹೊಳೆಯಲ್ಲಿ ದೀಪ ಹಾಕಿಕೊಂಡು ನಿಂತಿರುವ ಆ ಹಡಗುಗಳೊಳಗೆ ಏನು ಆಡುತ್ತಾರೆ, ನಮಗೂ ಅದು ಅರ್ಥವಾಗುತ್ತದೆಯೇ? ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿ ಮಾಂಡೋವಿಯಾಗಿ ಸಮುದ್ರ ಸೇರುತ್ತದೆ. ಆ ನೀರಿನ ಮೇಲಿನ ಕ್ಯಾಸಿನೊಗಳಲ್ಲಿ ರೂಲೆಟ್, ಬಕಾರಾ, ಅಂದರ್ ಬಾಹರ್‌ಗಳ ಜೊತೆ ಬ್ಲ್ಯಾಕ್‌ಜಾಕ್ ಮೇಜುಗಳೂ ಇವೆ. ಅಂಥದೇ ಮೇಜು, ಎಲೆ ಹಂಚುವ ಅಂಥದೇ ಡೀಲರ್, ಕ್ಯಾಮೆರಾ ಮೂಲಕ ಮೊಬೈಲ್ ಪರದೆಗೂ ಬಂದಿದ್ದಾಗಿದೆ; ಅದೇ ಲೈವ್ ಬ್ಲ್ಯಾಕ್‌ಜಾಕ್. ಇಸ್ಪೀಟಿನ ಆಟಗಳಲ್ಲೆಲ್ಲ ಆಟಗಾರನ ಬುದ್ಧಿಗೆ ಇಷ್ಟು ಲೆಕ್ಕಬದ್ಧವಾಗಿ ಕೆಲಸ ಕೊಡುವ ಆಟ ಬೇರೆ ಇಲ್ಲ ಎಂಬುದು ನನ್ನ ನಂಬಿಕೆ. ಹಾಗಾಗಿ ಇದನ್ನು ಸರಿಯಾಗಿ ಕಲಿಯಬೇಕು ಅನ್ನುವವರಿಗೆ ಈ ಬರಹ.

ಮೊದಲು ಕಾನೂನು

ಇದನ್ನು ಕೊನೆಗೆ ಅಡಿಟಿಪ್ಪಣಿಯಾಗಿ ಹಾಕುವುದು ಓದುಗರಿಗೆ ಮಾಡುವ ಅನ್ಯಾಯ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುತ್ತದೆ. ಅದೃಷ್ಟದ ಆಟವೋ ಕೌಶಲದ ಆಟವೋ ಎಂಬ ಹಳೆಯ ವಾದಕ್ಕೆ ಅಲ್ಲಿ ಜಾಗವಿಲ್ಲ. ಆಡಿಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೆ 2 ವರ್ಷ, 50 ಲಕ್ಷ. ಆಡುವವರನ್ನು ಕಾಯ್ದೆ ಶಿಕ್ಷಿಸುವುದಿಲ್ಲ. ಆದರೆ ಹೊರದೇಶದ ತಾಣಕ್ಕೆ ಹಣ ಹಾಕಿ, ಅದು ಗೆದ್ದ ಹಣ ಕೊಡದೆ ಹೋದರೆ ಯಾರ ಬಾಗಿಲು ತಟ್ಟುತ್ತೀರಿ? ಪುಣೆಯಲ್ಲಿ, ಮುಂಬೈಯಲ್ಲಿ, ಬೆಂಗಳೂರಿನಲ್ಲಿ ಕುಳಿತು ಮೊಬೈಲಿನಲ್ಲಿ ಹಣ ಕಟ್ಟಿ ಲೈವ್ ಬ್ಲ್ಯಾಕ್‌ಜಾಕ್ ಆಡಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ.

ಗೋವಾದ ಹಡಗುಗಳ ಕಥೆ ಬೇರೆ. ಇಲ್ಲಿಯ ಜೂಜು ಕಾಯ್ದೆ 1976ರದು. 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೂ, 1996ರ ತಿದ್ದುಪಡಿ ಹಡಗುಗಳಲ್ಲಿ ಮೇಜಿನ ಆಟಗಳಿಗೂ ದಾರಿ ಮಾಡಿಕೊಟ್ಟವು. 21 ವರ್ಷ ತುಂಬಿರಬೇಕು. 2020ರ ಫೆಬ್ರುವರಿಯಿಂದ ಗೋವಾದ ನಿವಾಸಿಗಳಿಗೆ ಆಟದ ಸಭಾಂಗಣಕ್ಕೆ ಪ್ರವೇಶವಿಲ್ಲ. ಅಂದರೆ ವಾಸ್ಕೊ, ಝುವಾರಿನಗರ, ಮಾಪುಸಾದಲ್ಲಿ ಮನೆ ಮಾಡಿಕೊಂಡಿರುವ ನಮ್ಮವರು ದಡದಲ್ಲೇ ನಿಲ್ಲಬೇಕು, ಊರಿನಿಂದ ಬಂದ ನೆಂಟ ಗುರುತಿನ ಚೀಟಿ ತೋರಿಸಿ ದೋಣಿ ಹತ್ತಬಹುದು. ಒಳಗೆ ಹೋಗಲಾಗದ ಹುಡುಗರು ಮೊಬೈಲಿನ ಕಡೆ ತಿರುಗುವುದು ಇದೇ ಕಾರಣಕ್ಕೆ. ಅವರಿಗೆ ನಾನು ಹೇಳುವುದು ಒಂದೇ: ಆಟವನ್ನು ಹಣವಿಲ್ಲದೆಯೂ ಪೂರ್ತಿ ಕಲಿಯಬಹುದು, ಆಡಬಹುದು.

ನಿಯಮಗಳು

ಎರಡರಿಂದ ಹತ್ತರವರೆಗಿನ ಎಲೆಗಳಿಗೆ ಅವುಗಳದೇ ಅಂಕ. ರಾಜ, ರಾಣಿ, ಗುಲಾಮ ಮೂರಕ್ಕೂ ಹತ್ತು. ಎಕ್ಕಕ್ಕೆ ಒಂದು ಅಥವಾ ಹನ್ನೊಂದು, ಯಾವುದು ಅನುಕೂಲವೋ ಅದು. ಇಸ್ಪೀಟು, ಆಟೀನು, ಡೈಮಂಡು, ಕಳಾವರ ಎಂಬ ಭೇದ ಇಲ್ಲಿ ಲೆಕ್ಕಕ್ಕೇ ಇಲ್ಲ.

ನಿಮಗೆ ಎರಡು ಎಲೆ, ಡೀಲರ್‌ಗೆ ಎರಡು. ನಿಮ್ಮವು ಎರಡೂ ತೆರೆದಿರುತ್ತವೆ, ಡೀಲರ್‌ನದು ಒಂದು ಮಾತ್ರ ತೆರೆದಿರುತ್ತದೆ. 21 ದಾಟದೆ ಡೀಲರ್‌ಗಿಂತ ಹೆಚ್ಚು ಅಂಕ ಗಳಿಸಿದರೆ ಗೆಲುವು. ದಾಟಿದರೆ ಅಲ್ಲೇ ಸೋಲು, ಅದನ್ನೇ ಬಸ್ಟ್ ಎನ್ನುವುದು. ಇಬ್ಬರದೂ ಸಮವಾದರೆ ಪಣ ವಾಪಸ್. ಮೊದಲ ಎರಡೇ ಎಲೆಯಲ್ಲಿ ಎಕ್ಕ ಮತ್ತು ಹತ್ತರ ಎಲೆ (ಹತ್ತು, ರಾಜ, ರಾಣಿ ಅಥವಾ ಗುಲಾಮ) ಬಂದರೆ ಅದು ಬ್ಲ್ಯಾಕ್‌ಜಾಕ್, ಸರಾಸರಿ 21 ಆಟಕ್ಕೊಮ್ಮೆ ಬರುತ್ತದೆ.

ನಿಮ್ಮ ಸರದಿಯಲ್ಲಿ ಇನ್ನೊಂದು ಎಲೆ ಕೇಳುವುದು ಹಿಟ್, ಸಾಕೆನ್ನುವುದು ಸ್ಟ್ಯಾಂಡ್, ಪಣ ಇಮ್ಮಡಿ ಮಾಡಿ ಒಂದೇ ಒಂದು ಎಲೆ ಪಡೆಯುವುದು ಡಬಲ್, ಒಂದೇ ಅಂಕದ ಎರಡು ಎಲೆಗಳನ್ನು ಒಡೆದು ಇನ್ನೊಂದು ಪಣ ಇಟ್ಟು ಎರಡು ಕೈ ಆಡುವುದು ಸ್ಪ್ಲಿಟ್. ಕೆಲವು ಮೇಜುಗಳಲ್ಲಿ ಅರ್ಧ ಪಣ ಬಿಟ್ಟುಕೊಟ್ಟು ಎದ್ದುಬಿಡುವ ಸರೆಂಡರ್ ಕೂಡ ಇರುತ್ತದೆ.

ಇನ್ನು ಡೀಲರ್. ಈ ಆಟದ ಗುಟ್ಟೆಲ್ಲ ಇಲ್ಲಿದೆ. ಯುಗಾದಿಯಂದು ಅರಳಿಕಟ್ಟೆಯ ಮೇಲೆ ಆಡುವ ಅಂದರ್ ಬಾಹರ್‌ನಲ್ಲಿ ಪಣ ಇಟ್ಟ ಮೇಲೆ ಯಾರೂ ಏನೂ ನಿರ್ಧರಿಸುವುದಿಲ್ಲ. ರಮ್ಮಿಯಲ್ಲಿ ಎದುರಿನವನ ತಲೆಯೊಳಗೆ ಏನಿದೆಯೋ ತಿಳಿಯದು. ಬ್ಲ್ಯಾಕ್‌ಜಾಕ್‌ನ ಡೀಲರ್‌ಗೆ ಮಾತ್ರ ತನ್ನ ಇಚ್ಛೆ ಎಂಬುದೇ ಇಲ್ಲ: 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಲೆ ತೆಗೆಯಲೇಬೇಕು, 17 ಆದರೆ ನಿಲ್ಲಲೇಬೇಕು (ಎಕ್ಕ ಸೇರಿದ 17ಕ್ಕೆ ಕೆಲವು ಮೇಜುಗಳ ನಿಯಮ ಬೇರೆ, ಅದನ್ನು ಮುಂದೆ ನೋಡೋಣ). ಎದುರಾಳಿ ಏನು ಮಾಡುತ್ತಾನೆಂದು ಮೊದಲೇ ಗೊತ್ತಿದ್ದರೆ ನಾವು ಮಾಡಬೇಕಾದ್ದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬಹುದು. ಅಮೆರಿಕದ ಸೇನೆಯಲ್ಲಿದ್ದ ನಾಲ್ವರು ಈ ಲೆಕ್ಕವನ್ನು ಮೇಜಿನ ಕ್ಯಾಲ್ಕ್ಯುಲೇಟರುಗಳಲ್ಲಿ ಮಾಡಿ 1956ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇಂದು ಬೇಸಿಕ್ ಸ್ಟ್ರಾಟಜಿ ಎಂದು ಕರೆಯುವುದರ ಬೇರು ಅಲ್ಲಿದೆ.

ಪರದೆಯ ಮೇಜು ಹೇಗೆ ನಡೆಯುತ್ತದೆ

ಡೀಲರ್ ನಿಜವಾದ ವ್ಯಕ್ತಿ, ಎಲೆಗಳೂ ನಿಜವಾದವೇ. ದೂರದ ಸ್ಟುಡಿಯೊವೊಂದರಿಂದ ಚಿತ್ರ ಬರುತ್ತದೆ. ಎಲೆಯನ್ನು ಓದುವ ಸಾಧನ ಅದರ ಅಂಕವನ್ನು ಗುರುತಿಸಿ ನಿಮ್ಮ ಪರದೆಯ ಮೇಲೆ ಮೂಡಿಸುತ್ತದೆ. ಸಾಮಾನ್ಯವಾಗಿ ಎಂಟು ಕಟ್ಟು, ಅಂದರೆ 416 ಎಲೆಗಳನ್ನು ಕಲೆಸಿ ಶೂ ಎಂಬ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಏಳು ಆಸನಗಳು. ಆಸನ ಸಿಗದವರು ಬೇರೆ ಆಟಗಾರನ ಕೈಯ ಮೇಲೆ ಪಣ ಕಟ್ಟಬಹುದು, ಆದರೆ ನಿರ್ಧಾರ ಆ ಆಟಗಾರನದು. ಲೆಕ್ಕ ಕಲಿತವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ಪಣಕ್ಕೂ ನಿರ್ಧಾರಕ್ಕೂ ಕೆಲವೇ ಸೆಕೆಂಡುಗಳ ಗಡುವು. ಸಮಯ ಮೀರಿದರೆ, ಇಂಟರ್ನೆಟ್ ಕಡಿದರೆ, ಹೆಚ್ಚಿನ ಮೇಜುಗಳಲ್ಲಿ ಅದನ್ನು ಸ್ಟ್ಯಾಂಡ್ ಎಂದೇ ಪರಿಗಣಿಸುತ್ತಾರೆ. ಎಲೆ ಎಣಿಸುವ ವಿದ್ಯೆಯ ಬಗ್ಗೆ ಕೇಳಿರುವವರು ಅದನ್ನು ಇಲ್ಲಿ ಮರೆಯುವುದೇ ಒಳ್ಳೆಯದು: ಶೂ ಅರ್ಧ ಖಾಲಿಯಾಗುವಷ್ಟರಲ್ಲಿ ಎಲೆಗಳನ್ನು ಬದಲಿಸುವುದರಿಂದ ಎಣಿಕೆಗೆ ಫಲ ಕೊಡುವ ಘಟ್ಟವೇ ಬರುವುದಿಲ್ಲ.

ಕೂರುವ ಮೊದಲು ಮೇಜನ್ನು ಓದಿ

ಬ್ಲ್ಯಾಕ್‌ಜಾಕ್‌ಗೆ ಎಷ್ಟು ಕೊಡುತ್ತಾರೆ ಎಂದು ಮೊದಲು ನೋಡಿ. ಎರಡಕ್ಕೆ ಮೂರು (3:2) ಎಂದಿದ್ದರೆ 500 ರೂಪಾಯಿ ಪಣಕ್ಕೆ 750 ಬರುತ್ತದೆ. ಐದಕ್ಕೆ ಆರು (6:5) ಎಂದಿದ್ದರೆ 600 ಮಾತ್ರ. ನೋಡಲು ಸಣ್ಣ ವ್ಯತ್ಯಾಸ, ಆದರೆ ಇದೊಂದೇ ಮನೆಯ, ಅಂದರೆ ಕ್ಯಾಸಿನೊದ, ಲಾಭಕ್ಕೆ ಪಣದ ಸುಮಾರು ಶೇ 1.4 ಸೇರಿಸುತ್ತದೆ. ಲೆಕ್ಕದಂತೆ ಆಡಿದರೆ ಒಳ್ಳೆಯ ಮೇಜಿನಲ್ಲಿ ಮನೆಯ ಒಟ್ಟು ಲಾಭವೇ ಶೇ 0.5ರ ಆಸುಪಾಸು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಐದಕ್ಕೆ ಆರರ ಮೇಜು ಎಷ್ಟೇ ಚೆಂದವಿರಲಿ, ಅಲ್ಲಿಂದ ಏಳಿ.

ಎರಡನೆಯದು, ಎಕ್ಕ ಮತ್ತು ಆರು ಸೇರಿ ಆಗುವ ಮೆದು 17ಕ್ಕೆ ಡೀಲರ್ ನಿಲ್ಲುತ್ತಾರೋ ಇನ್ನೊಂದು ಎಲೆ ತೆಗೆಯುತ್ತಾರೋ. ತೆಗೆದರೆ ನಿಮಗೆ ಸುಮಾರು ಶೇ 0.2 ನಷ್ಟ. ಮೂರನೆಯದು, ಡೀಲರ್ ಎರಡನೇ ಎಲೆಯನ್ನು ಮೊದಲೇ ತೆಗೆದು ಬ್ಲ್ಯಾಕ್‌ಜಾಕ್ ಇದೆಯೇ ಎಂದು ಇಣುಕಿ ನೋಡುತ್ತಾರೋ, ಎಲ್ಲರ ಆಟ ಮುಗಿದ ಮೇಲೆ ತೆಗೆಯುತ್ತಾರೋ. ಕೊನೆಗೆ ತೆಗೆಯುವ ಮೇಜಿನಲ್ಲಿ ಡಬಲ್‌ಗೂ ಸ್ಪ್ಲಿಟ್‌ಗೂ ಸೇರಿಸಿದ ಹಣವೂ ಡೀಲರ್‌ನ ಬ್ಲ್ಯಾಕ್‌ಜಾಕ್‌ಗೆ ಹೋಗಬಹುದು. ಅಲ್ಲಿ ಹತ್ತು ಅಥವಾ ಎಕ್ಕದ ಎದುರು ಹನ್ನೊಂದಕ್ಕೆ ಡಬಲ್ ಬೇಡ, ಎಂಟರ ಜೋಡಿ ಒಡೆಯುವುದೂ ಬೇಡ.

ತೆರೆದ ಎಲೆ

ಹೊಸಬರು ತಮ್ಮ ಎಲೆಗಳನ್ನೇ ದಿಟ್ಟಿಸುತ್ತಾರೆ. ನೋಡಬೇಕಾದ್ದು ಡೀಲರ್‌ನದನ್ನು. ಡೀಲರ್ ಮುಂದೆ ಆರು ತೆರೆದಿದ್ದರೆ ಅವರು ಬಸ್ಟ್ ಆಗುವ ಸಾಧ್ಯತೆ ಸುಮಾರು ಶೇ 42. ಐದಕ್ಕೂ ಬಹುತೇಕ ಅಷ್ಟೇ. ನಾಲ್ಕಕ್ಕೆ ಶೇ 40. ಏಳು ತೆರೆದರೆ ಅದು ಒಮ್ಮೆಲೇ ಶೇ 26ಕ್ಕೆ ಇಳಿಯುತ್ತದೆ. ಆರಕ್ಕೂ ಏಳಕ್ಕೂ ನಡುವೆ ಇರುವ ಈ ಕಂದಕವೇ ಇಡೀ ತಂತ್ರದ ಬೆನ್ನೆಲುಬು. ಎರಡರಿಂದ ಆರರವರೆಗೆ ಡೀಲರ್ ದುರ್ಬಲ, ಏಳರಿಂದ ಎಕ್ಕದವರೆಗೆ ಬಲಿಷ್ಠ.

ಒಂದು ಕೈಯನ್ನು ಹತ್ತಿರದಿಂದ ನೋಡೋಣ. ನಿಮ್ಮಲ್ಲಿ ರಾಜ ಮತ್ತು ಆರು, ಒಟ್ಟು 16. ಎದುರಿಗೆ ಏಳು. ಎಲೆ ತೆಗೆದರೆ ಆರರಿಂದ ರಾಜನವರೆಗಿನ ಎಂಟು ಬಗೆಯ ಎಲೆಗಳು ನಿಮ್ಮನ್ನು ಮುಳುಗಿಸುತ್ತವೆ, ಎಕ್ಕದಿಂದ ಐದರವರೆಗಿನ ಐದು ಬಗೆ ಮಾತ್ರ ಉಳಿಸುತ್ತವೆ. ಹದಿಮೂರರಲ್ಲಿ ಎಂಟು, ಅಂದರೆ ಶೇ 61ಕ್ಕಿಂತ ಹೆಚ್ಚು. ಯಾರಿಗಾದರೂ ಕೈ ನಡುಗುತ್ತದೆ, ಸ್ಟ್ಯಾಂಡ್ ಎಂದುಬಿಡುತ್ತಾರೆ. ಆದರೆ ನಿಂತರೆ ಏನಾಗುತ್ತದೆ? ಡೀಲರ್ 17ಕ್ಕಿಂತ ಕಡಿಮೆಯಲ್ಲಿ ನಿಲ್ಲುವುದೇ ಇಲ್ಲ. ಆದ್ದರಿಂದ ನಿಮ್ಮ 16 ಗೆಲ್ಲಬೇಕಾದರೆ ಡೀಲರ್ ಬಸ್ಟ್ ಆಗಲೇಬೇಕು. ಅದು ನೂರಕ್ಕೆ 26 ಸಲ. ಉಳಿದ 74 ಸಲ ಸೋಲು. 100 ರೂಪಾಯಿ ಪಣಕ್ಕೆ ಸರಾಸರಿ 48 ರೂಪಾಯಿ ನಷ್ಟ. ಎಲೆ ತೆಗೆದರೆ ಆ ನಷ್ಟ ಸುಮಾರು 41ಕ್ಕೆ ಇಳಿಯುತ್ತದೆ. ಎರಡೂ ಸೋಲಿನ ದಾರಿಗಳೇ, ಒಂದು ಏಳು ರೂಪಾಯಿ ಅಗ್ಗ. ಬ್ಲ್ಯಾಕ್‌ಜಾಕ್‌ನ ಜಾಣ್ಮೆ ಬಹುಪಾಲು ಇಂಥ ಏಳು ರೂಪಾಯಿಗಳನ್ನು ಉಳಿಸುವುದರಲ್ಲಿದೆ.

ಈಗ ನಿಯಮಗಳನ್ನು ಕಟ್ಟಿಕೊಳ್ಳುವುದು ಸುಲಭ. ಎಕ್ಕವನ್ನು ಹನ್ನೊಂದಾಗಿ ಎಣಿಸದ ಗಟ್ಟಿ ಕೈಗಳಲ್ಲಿ, 13ರಿಂದ 16ರವರೆಗೆ ಡೀಲರ್ ಮುಂದೆ ಎರಡರಿಂದ ಆರು ಇದ್ದರೆ ನಿಲ್ಲಿ, ಏಳು ಅಥವಾ ಅದಕ್ಕಿಂತ ದೊಡ್ಡದಿದ್ದರೆ ತೆಗೆಯಿರಿ. 12ಕ್ಕೆ ನಾಲ್ಕು, ಐದು, ಆರರ ಎದುರು ಮಾತ್ರ ನಿಲ್ಲಿ. ಹತ್ತರ ಎಲೆಗಳಷ್ಟೇ 12ನ್ನು ಕೆಡಿಸುವುದರಿಂದ ಎರಡು, ಮೂರರ ಎದುರು ತೆಗೆಯುವುದೇ ಲೇಸು. 17 ಮತ್ತು ಮೇಲಿನದಕ್ಕೆ ಯಾವಾಗಲೂ ನಿಲ್ಲಿ. ಎಂಟು ಮತ್ತು ಕೆಳಗಿನದಕ್ಕೆ ಯಾವಾಗಲೂ ತೆಗೆಯಿರಿ. ಒಂಬತ್ತಿಗೆ ಮೂರರಿಂದ ಆರರ ಎದುರು ಡಬಲ್, ಹತ್ತಕ್ಕೆ ಎರಡರಿಂದ ಒಂಬತ್ತರ ಎದುರು, ಹನ್ನೊಂದಕ್ಕೆ ಎರಡರಿಂದ ಹತ್ತರ ಎದುರು, ಮಿಕ್ಕಂತೆ ಹಿಟ್. ಸರೆಂಡರ್ ಇರುವ ಮೇಜಾದರೆ 16ನ್ನು ಒಂಬತ್ತು, ಹತ್ತು, ಎಕ್ಕದ ಎದುರೂ 15ನ್ನು ಹತ್ತರ ಎದುರೂ ಬಿಟ್ಟುಕೊಡಿ.

ಎಕ್ಕವಿರುವ ಮೆದು ಕೈಯಲ್ಲಿ ಒಂದು ಎಲೆ ಹೆಚ್ಚು ತೆಗೆದರೆ ಬಸ್ಟ್ ಆಗುವ ಭಯವಿಲ್ಲ, ಎಕ್ಕ ಒಂದಾಗಿ ಇಳಿದುಕೊಳ್ಳುತ್ತದೆ. ಎಕ್ಕದ ಜೊತೆ ಎರಡು ಅಥವಾ ಮೂರು ಇದ್ದರೆ ಐದು, ಆರರ ಎದುರು ಡಬಲ್. ನಾಲ್ಕು ಅಥವಾ ಐದು ಇದ್ದರೆ ನಾಲ್ಕರಿಂದ ಆರರ ಎದುರು. ಆರು ಇದ್ದರೆ ಮೂರರಿಂದ ಆರರ ಎದುರು. ಉಳಿದಾಗಲೆಲ್ಲ ಹಿಟ್. ಎಕ್ಕ ಮತ್ತು ಏಳು ಸೇರಿದ 18ರಲ್ಲಿ ಅನುಭವಿಗಳೂ ಎಡವುತ್ತಾರೆ. ಮೂರರಿಂದ ಆರರ ಎದುರು ಡಬಲ್, ಎರಡು, ಏಳು, ಎಂಟರ ಎದುರು ನಿಲ್ಲಿ, ಒಂಬತ್ತು, ಹತ್ತು, ಎಕ್ಕದ ಎದುರು ಎಲೆ ತೆಗೆಯಿರಿ. 18 ಒಳ್ಳೆಯ ಕೈ ಎಂದು ಮನಸ್ಸು ಹೇಳುತ್ತದೆ, ಆದರೆ ಎದುರಿಗೆ ಹತ್ತು ಇರುವಾಗ ಅದು ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು. ಎಕ್ಕದ ಜೊತೆ ಎಂಟು, ಒಂಬತ್ತು ಇದ್ದರೆ ನಿಲ್ಲಿ.

ಜೋಡಿಗಳಲ್ಲಿ ಎಕ್ಕ ಮತ್ತು ಎಂಟನ್ನು ಒಡೆಯಿರಿ, ಹತ್ತು ಮತ್ತು ಐದನ್ನು ಎಂದೂ ಒಡೆಯಬೇಡಿ. ಎರಡು ರಾಜರನ್ನು ಒಡೆಯುವವರು ಕೈಯಲ್ಲಿರುವ 20ನ್ನು ಹಾಳು ಮಾಡಿಕೊಳ್ಳುತ್ತಾರೆ. ಐದರ ಜೋಡಿ ಎಂದರೆ ಹತ್ತು, ಡಬಲ್‌ಗೆ ಹೇಳಿ ಮಾಡಿಸಿದ್ದು. ಒಂಬತ್ತನ್ನು ಎರಡರಿಂದ ಆರು, ಮತ್ತೆ ಎಂಟು, ಒಂಬತ್ತರ ಎದುರು ಒಡೆಯಿರಿ. ಏಳನ್ನು ಎರಡರಿಂದ ಏಳರ ಎದುರು. ಒಡೆದ ಮೇಲೆ ಡಬಲ್‌ಗೆ ಅವಕಾಶವಿದ್ದರೆ ಆರನ್ನು ಎರಡರಿಂದ ಆರರ ಎದುರು, ಎರಡು ಮತ್ತು ಮೂರನ್ನು ಎರಡರಿಂದ ಏಳರ ಎದುರು, ನಾಲ್ಕನ್ನು ಐದು, ಆರರ ಎದುರು. ಅವಕಾಶವಿಲ್ಲದಿದ್ದರೆ ನಾಲ್ಕನ್ನು ಒಡೆಯಲೇಬೇಡಿ, ಆರನ್ನು ಮೂರರಿಂದ ಆರರ ಎದುರು, ಎರಡು ಮತ್ತು ಮೂರನ್ನು ನಾಲ್ಕರಿಂದ ಏಳರ ಎದುರು ಮಾತ್ರ ಒಡೆಯಿರಿ.

ಬೇಡವೆನ್ನಬೇಕಾದವು

ಡೀಲರ್ ಮುಂದೆ ಎಕ್ಕ ಬಂದರೆ ಪರದೆಯಲ್ಲಿ ಇನ್ಶೂರೆನ್ಸ್ (ಡೀಲರ್‌ಗೆ ಬ್ಲ್ಯಾಕ್‌ಜಾಕ್ ಇದೆ ಎಂದು ಕಟ್ಟುವ ಬೇರೆ ಪಣ) ಬೇಕೇ ಎಂಬ ಪ್ರಶ್ನೆ ಮಿನುಗುತ್ತದೆ. ಹೆಸರು ಭರವಸೆಯದು, ಲೆಕ್ಕ ನಷ್ಟದ್ದು. ಎಂಟು ಕಟ್ಟಿನಲ್ಲಿ ಹತ್ತರ ಎಲೆಗಳು 128. ತೆರೆದ ಎಕ್ಕ ಬಿಟ್ಟರೆ ಉಳಿದವು 415. ಅಡಗಿರುವ ಎಲೆ ಹತ್ತರದಾಗಿದ್ದರೆ ಒಂದಕ್ಕೆ ಎರಡು ಕೊಡುತ್ತಾರೆ; ಹಾಗಾಗಿ 415 ಎಲೆಗಳ ಮೇಲೂ ಒಂದೊಂದು ರೂಪಾಯಿ ಇಟ್ಟರೆ 256 ಬರುತ್ತದೆ, 287 ಹೋಗುತ್ತದೆ. 31 ರೂಪಾಯಿ ಖೋತಾ, ಅಂದರೆ ಶೇ 7ಕ್ಕೂ ಮೇಲೆ. ನಿಮ್ಮ ಕೈಯಲ್ಲಿ ಬ್ಲ್ಯಾಕ್‌ಜಾಕ್ ಇದ್ದಾಗ ಸಮಸಮ ಹಣ ತೆಗೆದುಕೊಳ್ಳಿ ಎಂದು ಕೇಳುವುದೂ ಇದೇ ಇನ್ಶೂರೆನ್ಸಿನ ಇನ್ನೊಂದು ವೇಷ. ಜೋಡಿ ಬಂದರೆ ಇಷ್ಟು, ಮೂರು ಎಲೆ ಸಾಲಾಗಿ ಬಂದರೆ ಅಷ್ಟು ಎನ್ನುವ ಪಕ್ಕದ ಪಣಗಳಲ್ಲಿ ಮನೆಯ ಲಾಭ ಮೂಲ ಆಟಕ್ಕಿಂತ ಹಲವು ಪಟ್ಟು ಹೆಚ್ಚು. ಮುಟ್ಟಬೇಡಿ.

ಸೋತಾಗ ಪಣ ಇಮ್ಮಡಿಸುವ ಉಪಾಯವನ್ನು ಗೋವಾಕ್ಕೆ ಬರುವ ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಹೇಳುತ್ತಾರೆ. 500ರಿಂದ ಶುರು ಮಾಡಿ ಸತತ ಏಳು ಸಲ ಸೋತರೆ 63,500 ರೂಪಾಯಿ ಹೋಗಿರುತ್ತದೆ, ಎಂಟನೇ ಸಲ 64,000 ಇಡಬೇಕು, ಗೆದ್ದರೂ ಒಟ್ಟು ಲಾಭ 500. ಅಷ್ಟರಲ್ಲಿ ಮೇಜಿನ ಗರಿಷ್ಠ ಮಿತಿಯೂ ಅಡ್ಡ ಬಂದಿರುತ್ತದೆ.

ಲೆಕ್ಕ ಕಲಿತರೆ ಗೆಲ್ಲುತ್ತೇವೆಯೇ

ಇಲ್ಲ. ಇದನ್ನು ಮೆತ್ತಗೆ ಹೇಳಲು ನನಗೆ ಇಷ್ಟವಿಲ್ಲ, ಏಕೆಂದರೆ ಇದೇ ವಿಷಯದಲ್ಲಿ ಜನ ಮನೆ ಹಾಳು ಮಾಡಿಕೊಳ್ಳುತ್ತಾರೆ. ತಪ್ಪಿಲ್ಲದೆ ಆಡಿದರೂ ನೂರಕ್ಕೆ ಸುಮಾರು 43 ಕೈ ಗೆಲುವು, 49 ಸೋಲು, ಮಿಕ್ಕವು ಸಮ. ಬ್ಲ್ಯಾಕ್‌ಜಾಕ್‌ನ ಹೆಚ್ಚುವರಿ ಹಣ, ಡಬಲ್, ಸ್ಪ್ಲಿಟ್‌ಗಳು ಆ ಅಂತರವನ್ನು ಬಹುತೇಕ ತುಂಬಿಕೊಡುತ್ತವೆ, ಪೂರ್ತಿ ತುಂಬುವುದಿಲ್ಲ. 500 ರೂಪಾಯಿಯಂತೆ ಗಂಟೆಗೆ 60 ಕೈ ಆಡಿದರೆ ಒಟ್ಟು ಪಣ 30,000. ಅದರ ಶೇ 0.5 ಎಂದರೆ 150 ರೂಪಾಯಿ ಸರಾಸರಿ ನಷ್ಟ. ಐದಕ್ಕೆ ಆರರ ಮೇಜಿನಲ್ಲಿ ಇದು 570ರ ಹತ್ತಿರ.

ಆದರೆ ಆ ಒಂದು ಗಂಟೆಯಲ್ಲಿ ನಾಲ್ಕೂವರೆ ಸಾವಿರ ಗೆಲ್ಲುವುದೂ ಸೋಲುವುದೂ ತೀರಾ ಸಾಮಾನ್ಯ ಏರಿಳಿತ. 150 ರೂಪಾಯಿಯ ಸತ್ಯ ಅದರ ಅಡಿಯಲ್ಲಿ ಕಾಣುವುದೇ ಇಲ್ಲ. ಮೊದಲ ಸಲವೇ ಗೆದ್ದವರು ತಮಗೆ ವಿದ್ಯೆ ಒಲಿಯಿತು ಎಂದುಕೊಳ್ಳುತ್ತಾರೆ, ಅಲ್ಲಿಂದ ಮುಂದೆ ಅವರನ್ನು ಹಿಡಿಯುವುದು ಕಷ್ಟ. ಗೆದ್ದ ಹಣದ ಮೇಲೆ ಶೇ 30 ಆದಾಯ ತೆರಿಗೆ ಇದೆ, ಸೋತದ್ದನ್ನು ಅದರಿಂದ ಕಳೆಯುವಂತಿಲ್ಲ. ಇಷ್ಟು ತಿಳಿದೂ ಹಡಗು ಹತ್ತುವವರು ಹೋದರೆ ಹೋಯಿತು ಎನ್ನಬಹುದಾದ ಮೊತ್ತವನ್ನು ನಗದಾಗಿ ಒಯ್ಯಿರಿ, ಕಾರ್ಡುಗಳನ್ನು ಕೋಣೆಯಲ್ಲೇ ಬಿಡಿ. ಸಾಲ ಮಾಡಿ ಆಡುವ ಮಟ್ಟಕ್ಕೆ ಮನೆಯಲ್ಲಿ ಯಾರಾದರೂ ಹೋಗಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆಗೆ ಹಣವಿಲ್ಲ, ಕನ್ನಡದಲ್ಲೂ ಮಾತನಾಡಬಹುದು.

ಅಭ್ಯಾಸ

ನೇರ ಡೀಲರ್ ಮೇಜುಗಳಲ್ಲಿ ಸಾಮಾನ್ಯವಾಗಿ ಪುಕ್ಕಟೆ ಆಟ ಇರುವುದಿಲ್ಲ. ಬ್ಯಾಂಕ್ ವಿವರ, ಆಧಾರ್ ಏನನ್ನೂ ಕೇಳದ ಅಭ್ಯಾಸದ ಆ್ಯಪ್‌ಗಳು ಸಿಗುತ್ತವೆ, ತಪ್ಪು ನಿರ್ಧಾರ ಮಾಡಿದ ಕೂಡಲೇ ತೋರಿಸುತ್ತವೆ. ಆದರೂ ನನ್ನ ಮೆಚ್ಚಿನ ದಾರಿ ಮನೆಯ ಚಾಪೆ. ಎರಡು ಕಟ್ಟು ಇಸ್ಪೀಟು ಕಲೆಸಿ, ಹುಣಸೆ ಬೀಜ ಹಂಚಿಕೊಳ್ಳಿ, ಒಬ್ಬರು ಡೀಲರ್ ಆಗಿ. ಡೀಲರ್ ಆಗಿ ಒಂದು ಸಂಜೆ ಕೂತರೆ 16ಕ್ಕೆ ಎಲೆ ತೆಗೆಯಲೇಬೇಕಾದ ಕಟ್ಟುಪಾಡು ಎಂಥದ್ದು, ಅದರಲ್ಲಿ ಎಷ್ಟು ಸಲ ಮುಳುಗುತ್ತೇವೆ ಎಂಬುದು ಪುಸ್ತಕ ಓದಿದ್ದಕ್ಕಿಂತ ಚೆನ್ನಾಗಿ ತಲೆಗಿಳಿಯುತ್ತದೆ. ಮೊದಲು ಗಟ್ಟಿ ಕೈಗಳು, ಅವು ಯೋಚಿಸದೆ ಬಾಯಿಗೆ ಬಂದ ಮೇಲೆ ಮೆದು ಕೈಗಳು, ಕಡೆಗೆ ಜೋಡಿಗಳು. ಒಬ್ಬರೇ ಇದ್ದಾಗ ಒಂದು ಎಲೆಯನ್ನು ಡೀಲರ್‌ನದಾಗಿ ತೆರೆದಿಟ್ಟು, ಎರಡೆರಡು ಎಲೆ ಹಾಕುತ್ತ ನಿರ್ಧಾರವನ್ನು ಗಟ್ಟಿಯಾಗಿ ಹೇಳಿ. ಪರದೆಯ ಗಡುವಿಗೆ ಹೊಂದಿಕೊಳ್ಳಲು ಪ್ರತಿ ಕೈಗೂ ಐದು ಎಣಿಸುವಷ್ಟರಲ್ಲಿ ಉತ್ತರ ಬರಬೇಕು.

ಪರದೆಯಲ್ಲಿ ಕಲಿತು ಮಾಂಡೋವಿಯ ಮೇಜಿಗೆ ಹೋಗುವವರಿಗೆ ಒಂದೇ ಹೊಸತು, ಕೈಸನ್ನೆ. ಹಣವನ್ನು ಡೀಲರ್ ಕೈಗೆ ಕೊಡಬಾರದು, ಎರಡು ಆಟಗಳ ನಡುವೆ ಮೇಜಿನ ಮೇಲೆ ಇಡಬೇಕು. ತೆರೆದು ಹಂಚಿದ ಎಲೆಗಳನ್ನು ಮುಟ್ಟುವಂತಿಲ್ಲ. ಹಿಟ್‌ಗೆ ಬೆರಳಿನಿಂದ ಮೇಜು ತಟ್ಟಬೇಕು, ಸ್ಟ್ಯಾಂಡ್‌ಗೆ ಅಂಗೈಯನ್ನು ಅಡ್ಡಡ್ಡ ಆಡಿಸಬೇಕು, ಡಬಲ್‌ಗೂ ಸ್ಪ್ಲಿಟ್‌ಗೂ ಮೊದಲ ಪಣದ ಪಕ್ಕದಲ್ಲಿ ಅಷ್ಟೇ ಚಿಪ್ಪುಗಳನ್ನು ಇಟ್ಟು ಒಂದು ಅಥವಾ ಎರಡು ಬೆರಳು ತೋರಿಸಬೇಕು. ಮೇಲಿನ ಕ್ಯಾಮೆರಾ ದಾಖಲಿಸುವುದು ಸನ್ನೆಯನ್ನು. ತಕರಾರು ಬಂದರೆ ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಮೇಜಿನ ಬಳಿ ಮೊಬೈಲ್ ತೆಗೆಯಲು ಸಾಮಾನ್ಯವಾಗಿ ಬಿಡುವುದಿಲ್ಲವಾದ್ದರಿಂದ ಮೇಲಿನ ನಿಯಮಗಳನ್ನು ಸಣ್ಣ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅದನ್ನು ನೋಡಿಕೊಂಡು ಆಡಬಹುದೇ ಎಂದು ಕೂರುವ ಮೊದಲೇ ಡೀಲರ್‌ನನ್ನು ಕೇಳಿ.